ಎದುರಿನ ಫುಟ್‌ಪಾತಿನಿಂದ

ಪಟಗಳಿಗೆ ಚೌಕಟ್ಟು ಹಾಕುವ ಫ್ರೇಮಿನವನು ತನ್ನ ಅಂಗಡಿಯ ಷಟರ್ ಎಳೆದು ಬೀಗ ಹಾಕಿದ. ರಸ್ತೆ ದಾಟಿ, ಎದುರಿನ ಫುಟ್‌ಪಾತಿನ ಲೈಟುಕಂಬದ ಮರೆಯಲ್ಲಿ ನಿಂತು, ಫೋನಿನಲ್ಲಿ ಯಾರ ಜೊತೆಗೋ ಮಾತಾಡುವವನಂತೆ ನಟಿಸುತ್ತ, ಪಕ್ಕದ ಅಂಗಡಿಯ ಮುಚ್ಚಿದ ಷಟರಿನ ಫೋಟೋ ತೆಗೆದ. ತೆಗೆದದ್ದನ್ನು ನೋಡಲಿಲ್ಲ. ಹಾಗೇ ಕಟ್ಟಡದ ಮಾಲೀಕರಿಗೆ ಕಳಿಸಿ ಅಳಿಸಿಹಾಕಿದ. ಫೋನು ಹೆಂಡತಿಯ ಕೈಗೆ ಸಿಕ್ಕೀತು ಎನ್ನುವುದು ನೆಪ. ಅದನ್ನು ನೋಡುವ ಮುಖ ಅವನಿಗಿರಲಿಲ್ಲ.

ಪಕ್ಕದ ಅಂಗಡಿ ಎಣ್ಣೆ ಅಣ್ಣನದು. ಹೊಲಿಗೆ ಮಿಶನ್ ರಿಪೇರಿ ಮಾಡಿ ಮಾಡಿ ಅಂಗಿಯೆಲ್ಲ ಎಣ್ಣೆಯ ವಾಸನೆ, ಅದಕ್ಕೇ ಆ ಹೆಸರು. ಇನ್ನೊಂದು ತರಹದ ಎಣ್ಣೆಯನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಅವನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ದೂರದ ದೊಡ್ಡಾಸ್ಪತ್ರೆಗೆ ಹೊರಡುವ ಮುಂಚೆ ಫ್ರೇಮಿನವನಿಗೆ ಅಂಗಡಿಯ ಕೀಲಿಕೈ ಕೊಟ್ಟು ಹೇಳಿದ್ದ:

“ದಿನಾ ಒಂದಿಷ್ಟು ಹೊತ್ತು ಷಟರ್ ಎತ್ತಿ ಲೈಟ್ ಹಾಕಿಡು ತಮ್ಮಾ. ಮುಚ್ಚೇ ಇದೆ ಅಂತ ಗೊತ್ತಾದ್ರೆ ಮಾಲೀಕರು ಖಾಲಿ ಮಾಡಿಸ್ತಾರೆ.”

“ನೀವು ಅತ್ತಿಗೇನ ನೋಡ್ಕೊಳ್ಳಿ ಅಣ್ಣ. ಇಲ್ಲಿ ನಾನಿದೀನಿ.”

ಮೊದಲ ಕೆಲವು ದಿನ ಎತ್ತಿದ ಕೂಡ. ಆಮೇಲೆ ಎರಡೂ ಅಂಗಡಿಗಳ ಮಾಲೀಕರು ಬಂದರು. ಫ್ರೇಮಿನವನ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಚೌಕಟ್ಟಿನ ಮರದ ಪಟ್ಟಿಗಳು ಹೊರಗೆ ಚಾಚಿ ಹೋಗುವವರ ಮೊಣಕೈಗೆ ತಾಗುತ್ತಿದ್ದವು. ಮಾಲೀಕರು ಒಂದು ಪಟ್ಟಿಯನ್ನು ಬೆರಳಿನಿಂದ ಒಳಗೆ ತಳ್ಳಿ ನೋಡಿದರು.

“ಬಾಡಿಗೆಗೆ ತಗೊಂಡು ವ್ಯಾಪಾರ ಮಾಡದೆ ತಿಂಗಳುಗಟ್ಟಲೆ ಮುಚ್ಚಿಟ್ರೆ ಬಿಡಿಸಬಹುದು. ಕಾನೂನೇ ಇದೆ. ಈ ನಡುಗೋಡೆ ಒಡೆದ್ರೆ ಎಷ್ಟು ದೊಡ್ಡ ಅಂಗಡಿ ಆಗುತ್ತೆ ನೋಡು,” ಎಂದರು. “ದಿನಾ ಒಂದು ಫೋಟೋ ಕಳಿಸು. ಒಂದಿನ ಬೆಳಿಗ್ಗೆ, ಒಂದಿನ ಮಧ್ಯಾಹ್ನ, ಒಂದಿನ ಸಂಜೆ. ಎದುರಿಂದ ತೆಗಿ, ಕಟ್ಟಡ ಪೂರ್ತಿ ಬರ್ಲಿ. ಇಲ್ಲಾಂದ್ರೆ ಯಾವ ಊರಿನ ಷಟರ್ ಅಂತ ಜಡ್ಜ್ ಕೇಳ್ತಾರೆ.”

ಆ ದೊಡ್ಡ ಅಂಗಡಿ ಯಾರಿಗೆ ಎಂದು ಮಾಲೀಕರು ಹೇಳಲಿಲ್ಲ. ಅದನ್ನು ಫ್ರೇಮಿನವನ ಆಸೆಯೇ ಹೇಳಿಕೊಂಡಿತು.

ಅಂದಿನಿಂದ ಎಣ್ಣೆ ಅಣ್ಣನ ಷಟರ್ ಏಳಲಿಲ್ಲ. ಹಿಂದೊಮ್ಮೆ ಟೀ ಕುಡಿದು ಬರುವಷ್ಟರಲ್ಲಿ ಗಾಜು ಕುಯ್ಯುವ ಕಟ್ಟರ್ ಕಳುವಾಗಿದ್ದರಿಂದ, ಫ್ರೇಮಿನವನು ಎರಡು ಹೆಜ್ಜೆ ಹೋಗಬೇಕಾದರೂ ಬೀಗ ಹಾಕುತ್ತಿದ್ದ. ಬೀಗ, ರಸ್ತೆ, ಕಂಬ, ಫೋಟೋ, ವಾಪಸು. ಕೆಲಸ ರೂಢಿಯಾಯಿತು. ತಿಂದದ್ದು ಮಾತ್ರ ಮೈಗೆ ಹತ್ತಲಿಲ್ಲ.

ಆಗಾಗ ಎಣ್ಣೆ ಅಣ್ಣನ ಫೋನು ಬರುತ್ತಿತ್ತು.

“ಎತ್ತುತ್ತಿದ್ದೀಯಲ್ಲ?”

“ಹೂಂ ಅಣ್ಣ. ಇವತ್ತೂ ಎತ್ತಿದೆ.”

“ನಿನ್ನ ಅತ್ತಿಗೆ ಇವತ್ತು ಗೋಡೆ ಹಿಡ್ಕೊಂಡು ನಿಂತ್ಲು ಕಣೋ. ನಿನ್ನ ಋಣ ಹೇಗೆ ತೀರಿಸ್ಲಿ?”

ಫೋನಿಟ್ಟು ಗಾಜು ಕುಯ್ಯಲು ಕೂತರೆ ಗೆರೆ ಸೊಟ್ಟಗೆ ಓಡುತ್ತಿತ್ತು. ತಾನು ಮಾಡುತ್ತಿರುವುದು ದ್ರೋಹವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ರಸ್ತೆ ದಾಟುತ್ತಿದ್ದ.

ಕೊನೆಗೆ ಕೇಸು ಬಿತ್ತು. ಎಣ್ಣೆ ಅಣ್ಣ ಹೆಂಡತಿಯನ್ನು ಕರೆದುಕೊಂಡು ವಾಪಸು ಬಂದ. ಬಂದವನೇ ಮೊದಲು ಫ್ರೇಮಿನವನ ಎರಡೂ ಕೈ ಹಿಡಿದುಕೊಂಡ. ಆ ಹಿಡಿತ ಇವನಿಂದ ತಡೆಯಲಾಗಲಿಲ್ಲ. ವಿಚಾರಣೆಯ ಹಿಂದಿನ ದಿನ ಮಾಲೀಕರ ಮನೆಗೆ ಹೋಗಿ ನಿಂತ.

“ನಂಗೆ ಆ ಜಾಗ ಬೇಡ. ನಾನು ಸಾಕ್ಷಿ ಹೇಳಲ್ಲ.”

ಮಾಲೀಕರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. “ನಿನ್ನನ್ನ ಸಾಕ್ಷಿಗೆ ಯಾರಪ್ಪ ಕರೆದ್ರು? ಸುಮ್ನೆ ಅಣ್ಣನ ಜೊತೆ ನಾಳೆ ಕೋರ್ಟಿಗೆ ಬಾ, ಸಾಕು.”

ಮರುದಿನ ಇಬ್ಬರೂ ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿಬಿಡಬೇಕೆಂದು ಫ್ರೇಮಿನವನು ಬಾಯಿ ತೆರೆಯುವಷ್ಟರಲ್ಲಿ ಎಣ್ಣೆ ಅಣ್ಣ ನಕ್ಕ.

“ಮುಚ್ಚಿದ್ದಕ್ಕೆ ಸರಿಯಾದ ಕಾರಣ ಇದ್ರೆ ಬಿಡಿಸೋಕೆ ಬರಲ್ಲವಂತೆ ತಮ್ಮಾ. ಆಸ್ಪತ್ರೆ ಚೀಟಿ ಎಲ್ಲಾ ಇದೆ. ನನ್ನ ಅಂಗಡಿ ಉಳಿಯುತ್ತೆ ಅಂದ್ರು ವಕೀಲರು.”

ಫ್ರೇಮಿನವನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಹೇಳುವ ಅಗತ್ಯವೇ ಇಲ್ಲ.

ಅಷ್ಟರಲ್ಲಿ ಮಾಲೀಕರ ವಕೀಲರ ಗುಮಾಸ್ತ ಬಂದು ಎಣ್ಣೆ ಅಣ್ಣನ ಕೈಗೆ ಒಂದು ಕಟ್ಟು ಕೊಟ್ಟ. ಅಂಥದೇ ಇನ್ನೊಂದನ್ನು ಫ್ರೇಮಿನವನ ಕೈಗಿಟ್ಟ. “ನಿಮ್ಮ ಮೇಲೂ ಕೇಸು ಹಾಕಿದ್ದಾರೆ. ಫೋಟೋ ಇಬ್ಬರಿಗೂ ಒಂದೇ.”

ತಾನು ತೆಗೆದದ್ದನ್ನು ಅವನು ಮೊದಲ ಸಲ ನೋಡಿದ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ: ಪ್ರತಿ ಚಿತ್ರದಲ್ಲೂ ಅಕ್ಕಪಕ್ಕದಲ್ಲಿ ಎರಡು ಷಟರ್, ಎರಡು ಬೀಗ.

ಎಣ್ಣೆ ಅಣ್ಣ ಕನ್ನಡಕ ಏರಿಸಿ ನಿಧಾನವಾಗಿ ನೋಡಿದ. “ನೀನು ನನ್ನ ಷಟರ್ ಎತ್ತಿ ಇಳಿಸಿದ ಮೇಲೆ ತೆಗೆದಿದ್ದಾನೆ, ಯಾರೋ ಪಾಪಿ,” ಎಂದ. ಆಮೇಲೆ ಫ್ರೇಮಿನವನ ಭುಜದ ಮೇಲೆ ಕೈಯಿಟ್ಟು, ನಿಜವಾದ ಕಳವಳದಿಂದ ಕೇಳಿದ:

“ನಂಗೆ ಹೇಳ್ಕೊಳ್ಳೋಕೆ ಆಸ್ಪತ್ರೆ ಇದೆ. ದಿನಾ ಈ ಹೊತ್ತಲ್ಲೆಲ್ಲ ನೀನೆಲ್ಲಿದ್ದೆ, ತಮ್ಮಾ?”