ಕಾಲೊರಸು

"ಅದನ್ನ ಮುಟ್ಟಬೇಡ, ಅದು ನಾಯಿದು," ಎಂದಳು ಅತ್ತಿಗೆ.

ಮುಟ್ಟುವ ಆಸೆ ಇವಳಿಗೇನೂ ಇರಲಿಲ್ಲ. ಹಿತ್ತಲ ಶೆಡ್ಡಿನ ಬಾಗಿಲು ತೆರೆದದ್ದೇ ತಡ, ಮೂಗಿಗೆ ಹೊಡೆದ ನಾತಕ್ಕೆ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಮೂಲೆಯಲ್ಲೊಂದು ಕಂಬಳಿ, ಪಕ್ಕದಲ್ಲಿ ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ಉಚ್ಚೆಯಲ್ಲಿ ನೆನೆದು, ಒಣಗಿ, ಮತ್ತೆ ನೆನೆದು ಕಂಬಳಿ ರಟ್ಟಿನಂತೆ ಸೆಟೆದುಕೊಂಡಿತ್ತು. ನಡುವೆ ಮೈ ಮುದುರಿ ಮಲಗಿದ ಗುಳಿ. ಅದರ ತುಂಬ ಬಿಳಿ ಕೂದಲು.

ನಾಯಿಯನ್ನು ನೋಡಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ದೂರದೂರಿನಿಂದ ಫೋನ್ ಮಾಡಿದಾಗಲೆಲ್ಲ ಹಿಂದೆಲ್ಲೋ ಕುಂಯ್‌ಗುಡುವುದು ಕೇಳುತ್ತಿತ್ತು.

"ನಾಯಿ ಕಣೇ. ಅದರ ಗೋಳು ಇದ್ದದ್ದೇ. ಅಮ್ಮ ಮಲಗಿದಾಳೆ, ಎಬ್ಬಿಸ್ಲಾ?" ಎನ್ನುತ್ತಿದ್ದ ಅಣ್ಣ.

"ಬೇಡ, ಮಲಗಲಿ ಬಿಡು," ಎನ್ನುತ್ತಿದ್ದಳು ಇವಳು. ಅಮ್ಮ ತೀರಿಕೊಂಡ ಮೇಲೆ ನಾಯಿಯನ್ನು ಯಾರಿಗೋ ಕೊಟ್ಟುಬಿಟ್ಟರಂತೆ.

ಅವಳು ಶಿಲ್ಪಿ. ಕಲ್ಲು ಕಂಚಿನ ಗೊಡವೆ ಅವಳಿಗಿಲ್ಲ. ಹಳೆಯ ಹೊದಿಕೆ, ದಿಂಬಿನ ಚೀಲ, ಟವೆಲ್ಲುಗಳನ್ನು ತಂತಿಬಲೆಯ ಮೇಲೆ ಹೊದಿಸಿ, ಗೋಂದು ಬಳಿದು ಮನುಷ್ಯರನ್ನು ಮಾಡುತ್ತಾಳೆ. ಮನೆಯವರ ಬಾಯಲ್ಲಿ ಅವಳು ಚಿಂದಿರಾಣಿ. ಈ ಸಲ ಅಮ್ಮನನ್ನು ಮಾಡಬೇಕಿತ್ತು, ಅದೂ ಅಮ್ಮ ಕೊನೆಗಾಲದಲ್ಲಿ ಮಲಗಿದ ಬಟ್ಟೆಗಳಿಂದಲೇ. ಬದುಕಿದ್ದಾಗ ಒಂದು ದಿನವೂ ಪಕ್ಕದಲ್ಲಿ ಕೂತು ನೋಡಿಕೊಳ್ಳಲಿಲ್ಲ, ಇಷ್ಟಾದರೂ ಮಾಡಬೇಡವೇ?

ಅತ್ತಿಗೆ ಬೀರುವಿನಿಂದ ಹಾಲಿನಂಥ ಹಾಸುಗಳ ಗಂಟನ್ನೇ ತೆಗೆದುಕೊಟ್ಟಳು. "ಅತ್ತೇನ ಹೂವಿನ ಹಾಗೆ ನೋಡ್ಕೊಂಡೆ. ದಿನಾ ಹಾಸು ಬದಲಾಯಿಸ್ತಿದ್ದೆ, ನಿಮ್ಮಣ್ಣನ್ನೇ ಕೇಳು."

ಮೈ ಸವೆಸಿದ ಹಾಸು ನಡುವೆ ತೆಳ್ಳಗಾಗಿರುತ್ತದೆ. ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದಳು. ಯಾವುದೂ ತೆಳ್ಳಗಾಗಿರಲಿಲ್ಲ. ಅತ್ತಿಗೆ ಒಗೆದು ಒಗೆದು ಅಮ್ಮನನ್ನೇ ತೊಳೆದುಹಾಕಿದ್ದಾಳೆ ಅಂದುಕೊಂಡಳು. ನೆಲದ ಮೇಲೆ ಒಂದು ಕೂದಲೆಳೆ ಬಿದ್ದರೂ ಸಹಿಸದ ಹೆಂಗಸು! ಅಂಥವಳು ಮೂಕಪ್ರಾಣಿಯನ್ನು ಆ ಹೊಲಸಿನಲ್ಲಿ ಕೊಳೆಹಾಕಿದ್ದಳಲ್ಲ. ಅದೇ ಕೈಯಿಂದ ಅಮ್ಮ ಅನ್ನ ತಿಂದಳಲ್ಲ. ನೆನೆದರೇ ಹೇಸಿಗೆಯಾಯಿತು.

"ಆ ಕಂಬಳೀನೂ ಕೊಡಿ," ಎಂದಳು.

"ಅದನ್ನ ಸುಡಬೇಕು ಅಂತಿದ್ದೆ," ಎಂದ ಅಣ್ಣ, ಅವಳ ಮುಖ ನೋಡದೆ. "ಅದ್ಯಾಕೆ ನಿಂಗೆ?"

"ಕಾಲೊರಸಿಗೆ."

ಪ್ರದರ್ಶನದಲ್ಲಿ ಒಂದು ಇಡೀ ಕೋಣೆ ಅಮ್ಮನದಾಯಿತು. ಬಿಳಿ ಮಂಚ, ಬಿಳಿ ಅಮ್ಮ, ಹಾಸಿನಿಂದ ಎಳೆದ ನೂಲಿನಲ್ಲಿ ಹೆಣೆದ ಉದ್ದನೆಯ ನರೆತ ಜಡೆ. ಹೊಸ್ತಿಲ ಹೊರಗೆ ಆ ಕಂಬಳಿ. ಲೋಕದ ಹೊಲಸೆಲ್ಲ ಅಲ್ಲೇ ಉಳಿಯಲಿ, ಅಮ್ಮನನ್ನು ಮುಟ್ಟದಿರಲಿ ಎಂಬುದು ಅವಳ ಲೆಕ್ಕ. ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು ಹಾಸುವಷ್ಟರಲ್ಲಿ ವಾಂತಿಯೇ ಆಗಿಹೋಯಿತು. ಆಮೇಲೆ ಎಲ್ಲರಿಗಿಂತ ಮೊದಲು ತಾನೇ ಅದರ ಮೇಲೆ ಚಪ್ಪಲಿ ತಿಕ್ಕಿದಳು, ಮನಸಾರೆ.

ಬಂದವರೆಲ್ಲ ಮುಖ ಸಿಂಡರಿಸಿಕೊಂಡು ಬೂಟು ಉಜ್ಜಿ ಒಳಗೆ ಹೋದರು. ಅತ್ತಿಗೆ ಮಾತ್ರ ಸೀರೆ ಎತ್ತಿಕೊಂಡು ಕಂಬಳಿಯನ್ನು ದಾಟಿದಳು, ಬೆರಳ ತುದಿಯೂ ತಾಗದಂತೆ. ಎಂಥ ನಾಜೂಕು ಎಂದು ಇವಳಿಗೆ ಮೈಯೆಲ್ಲ ಉರಿಯಿತು. ಅಣ್ಣ ಒಳಗೆ ಬರಲೇ ಇಲ್ಲ.

"ಇಲ್ಲಿಂದಲೇ ಕಾಣ್ಸುತ್ತೆ ಬಿಡು," ಎಂದು ಗೋಡೆಯ ಕಡೆ ತಿರುಗಿ ನಿಂತ.

ಕೊನೆಗೆ ಬಂದವರು ಅಣ್ಣನ ಪಕ್ಕದ ಮನೆಯ ಟೀಚರ್. ವಯಸ್ಸಾದವರು, ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಕಾಲೊರೆಸಿಕೊಂಡರು.

"ಇದೇನಮ್ಮಾ ಈ ಪಾಟಿ ನಾತ?"

"ಅಣ್ಣನ ಮನೆ ನಾಯಿ ಮಲಗ್ತಿದ್ದ ಕಂಬಳಿ, ಟೀಚರ್. ಚೆನ್ನಾಗಿ ಒರೆಸಿ, ಪರವಾಗಿಲ್ಲ."

ಟೀಚರ್ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತರು. "ಯಾವ ನಾಯಿ? ಇಷ್ಟು ವರ್ಷದಿಂದ ಪಕ್ಕದಲ್ಲೇ ಇದೀನಿ, ಆ ಮನೇಲಿ ನಾಯಿ ಸಾಕಿದ್ದೇ ಇಲ್ವಲ್ಲಮ್ಮ."