ನೆಟಿಗೆ

ಅಧಿಕಾರಿಯ ಕೆನ್ನೆ ಸವರಿದ ಕೈಗಳನ್ನು ಚಿಕ್ಕಬೋರಮ್ಮ ತನ್ನ ಕಣತಲೆಗೆ ಒತ್ತಿಕೊಂಡಿದ್ದಳು. ಸರ್ಕಾರದಿಂದ ಬಂದವನು ಕೊಡುವುದಕ್ಕೇ ಬಂದಿರಬೇಕೆಂದು ನಂಬಿ, ದೃಷ್ಟಿ ತೆಗೆದು ನೆಟಿಗೆ ಮುರಿಯುವುದರಲ್ಲಿದ್ದಳು.

"ತಾಳವ್ವ," ಎಂದಳು ನರ್ಸ್ ರಂಜಿತ. "ನಮ್ಮ ವೃದ್ಧಾಶ್ರಮದ ಅನುದಾನ ನಿಲ್ಸೋ ಕಾಗದ ತಂದವ್ರೆ. ನಾಳೆಯಿಂದ ನಾನಿರಾಕಿಲ್ಲ."

ಬೆರಳುಗಳು ಅಲ್ಲೇ ನಿಂತವು. ಪಕ್ಕದ ಮಂಚದಲ್ಲಿ ದೇವಯ್ಯ ಕಣ್ಣಷ್ಟೇ ಆಡಿಸುತ್ತಿದ್ದ. ಅವನ ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ರಂಜಿತಳೇ.

"ಇವುನ್ನ ಹೊರಳ್ಸೋರು ಯಾರಪ್ಪ?"

"ನೀವ್ನೀವೇ ಹೆಂಗಾದ್ರೂ ಅಡ್ಜಸ್ಟ್ ಮಾಡ್ಕೊಳಿ ಅಜ್ಜಿ," ಎಂದ ಅಧಿಕಾರಿ.

ಚಿಕ್ಕಬೋರಮ್ಮ ಕೈಗಳನ್ನು ಕಣತಲೆಯಿಂದ ಇಳಿಸಿ ಅವನ ಮುಖದ ಮುಂದೆ ಹಿಡಿದಳು. ಹತ್ತೂ ಬೆರಳನ್ನು ಲಟಲಟನೆ ಮುರಿದಳು.

"ನಿಮ್ಮ ಸರ್ಕಾರನೂ ಇಂಗೇ ಮಂಚ ಹಿಡೀಲಿ. ಹೊರಳ್ಸಕ್ಕೆ ಒಬ್ರೂ ಸಿಗ್ದೆ ಹೋಗ್ಲಿ."