ಎರಡನೇ ಭಾನುವಾರ

“ಹೇಳಿದ್ರೆ ಬರ್ತಾನೋ, ಇಲ್ಲ ಹೇಳಿದ್ದಕ್ಕೇ ಬರದೆ ಇರ್ತಾನೋ?”

ಯಾರನ್ನೂ ಕೇಳಿದ್ದಲ್ಲ; ಒಬ್ಬಳೇ ಕೂತಿದ್ದಾಗ ಬಾಯಿಗೆ ಬಂದ ಮಾತು. ಆದರೆ ಕೂತಿದ್ದದ್ದು ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಕೋಣೆಯಲ್ಲಿ, ಎದುರಿಗಿದ್ದದ್ದು ಮೈಕು, ಅದರ ಗುಂಡಿ ಆರಿಸಿರಲಿಲ್ಲ. ಮಾತು ಕಂಬಕಂಬದ ಸ್ಪೀಕರಿನಲ್ಲೂ ಮೊಳಗಿತು. ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರೆಲ್ಲ ತಲೆಯೆತ್ತಿದರು. ನೀರಿನ ಬಾಟಲಿ ಮಾರುವವನು ಕಿಟಕಿಗೆ ಬಂದು, “ಯಾವ ಬಸ್ಸು ಮೈಕಮ್ಮ, ಹೇಳಿದ್ದಕ್ಕೇ ಬರದೆ ಇರೋದು? ನಮ್ಮೂರ ಕಡೇದೇ ಇರಬೇಕು!” ಎಂದ. ಮೈಕಮ್ಮ ನಾಲಿಗೆ ಕಚ್ಚಿಕೊಂಡು ಗುಂಡಿ ಒತ್ತಿ ಮೈಕು ಆರಿಸಿದಳು.

ಅವಳ ಚಿಂತೆ ಬಸ್ಸಿನದಲ್ಲ, ಬಸ್ಸು ಓಡಿಸುವ ಅಣ್ಣನದು. ಹಿಂದಿನ ದಿನ ಸಂಜೆಯಷ್ಟೇ ಮಗಳ ಮದುವೆಗೆ ದಿನ ನಿಶ್ಚಯವಾಗಿತ್ತು. “ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿಬಿಡ್ತೀನಿ, ಎಲ್ಲರೂ ಈಗಿಂದಲೇ ಆ ದಿನ ಬಿಡುವು ಮಾಡ್ಕೊಳ್ಳಲಿ” ಎಂದು ಗಂಡ ಫೋನು ಹಿಡಿದು ಕೂತಿದ್ದ. “ಅಣ್ಣನ ಕಿವಿಗೆ ಬೀಳೋ ತನಕ ಒಂದು ನೊಣಕ್ಕೂ ಗೊತ್ತಾಗಕೂಡದು” ಎಂದು ಅವಳು ಫೋನು ಕಿತ್ತಿಟ್ಟಿದ್ದಳು.

ಕಾರಣವಿತ್ತು. ಅವಳ ಮದುವೆ ತರಾತುರಿಯಲ್ಲಿ ಗೊತ್ತಾಗಿದ್ದು. ಅಣ್ಣ ಆಗ ದೂರದ ದಾರಿಯ ಬಸ್ಸಿನಲ್ಲಿದ್ದ. ಅವನಿಗೆ ಅಪ್ಪ ಹೇಳಿದ್ದಾರೆಂದುಕೊಂಡರು ಚಿಕ್ಕಪ್ಪ, ಚಿಕ್ಕಪ್ಪ ಹೇಳಿದ್ದಾರೆಂದು ಅಮ್ಮ, ಅಮ್ಮ ಹೇಳಿದ್ದಾಳೆಂದು ಇವಳು. ಹೀಗೆ ಎಲ್ಲರೂ ಹೇಳಿ ಯಾರೂ ಹೇಳಿರಲಿಲ್ಲ. ಮದುವೆಯ ದಿನ ಅವನದೇ ಬಸ್ಸು ಹತ್ತಿದ ನೆಂಟರೊಬ್ಬರು, ಉಡುಗೊರೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, “ಏನಪ್ಪಾ, ತಂಗಿ ಮದುವೆ ದಿನಾನೂ ಡ್ಯೂಟೀನಾ?” ಎಂದರಂತೆ. ಅವರನ್ನು ಮದುವೆ ಮನೆಯ ತಿರುವಿನಲ್ಲಿ ಇಳಿಸಿ, ಅವನು ಬಸ್ಸನ್ನು ಮುಂದಕ್ಕೆ ಹೊಡೆದುಕೊಂಡು ಹೋಗಿದ್ದ. ಅಂದಿನಿಂದ ಜಗಳವೂ ಇಲ್ಲ, ಮಾತೂ ಬಿಟ್ಟಿಲ್ಲ. ಆದರೆ ಮನೆಗೆ ಕರೆದ ದಿನವೆಲ್ಲ ಅವನಿಗೆ ಡ್ಯೂಟಿ. ತನ್ನದಿಲ್ಲದಿದ್ದರೆ ಇನ್ನೊಬ್ಬರದನ್ನು ಕೇಳಿ ಮೈಮೇಲೆ ಹಾಕಿಕೊಳ್ಳುತ್ತಿದ್ದ. ಯಾರ ಕೆಲಸ ಪಂಕ್ಚರ್ ಆದರೂ ಬದಲಿ ಚಕ್ರದಂತೆ ಇವನನ್ನು ಸಿಕ್ಕಿಸಬಹುದೆಂದು ಡಿಪೋದಲ್ಲಿ ಅವನಿಗೆ ಸ್ಟೆಪ್ನಿ ಎಂದೇ ಹೆಸರು ಬಿದ್ದಿತ್ತು.

ಅಣ್ಣನ ಬಸ್ಸು ಬಂದು ನಿಂತಿತು. ನಿಲ್ದಾಣಕ್ಕೆಲ್ಲ ಕೇಳುವ ದನಿ ಅವಳದು; ಈ ಒಂದು ಮಾತಿಗೆ ಮಾತ್ರ ಅದು ಒದಗುವಂತಿರಲಿಲ್ಲ. ಗುಂಡಿ ಆರಿದೆಯೇ ಎಂದು ಮತ್ತೆ ಮತ್ತೆ ನೋಡಿ, ‘ದೇವರೇ, ನೀನೇ ನಡೆಸಿಕೊಡು’ ಎಂದುಕೊಂಡು, ಕೋಣೆ ಬಿಟ್ಟು ಓಡಿದಳು.

“ಏನೇ ಇದು? ಯಾರು ಬರ್ತಾರೋ ಇಲ್ವೋ ಅಂತ ಊರಿಗೆಲ್ಲ ಕೇಳ್ತಿದ್ದೆ? ಗೇಟಿನಾಚೆಗೂ ಕೇಳಿಸ್ತು!” ಅಣ್ಣ ನಗುತ್ತಲೇ ಬಸ್ಸಿನಿಂದಿಳಿದ.

“ನೀನೇ.”

ನಗು ಅಲ್ಲಿಗೇ ನಿಂತಿತು.

“ಮಗಳಿಗೆ ಮದುವೆ ಗೊತ್ತಾಯ್ತು ಅಣ್ಣ. ಮೇ ತಿಂಗಳು, ಎರಡನೇ ಭಾನುವಾರ.”

“ಮೇ? ಚಳಿಗಾಲವೇ ಇನ್ನೂ ಮುಗಿದಿಲ್ಲವಲ್ಲೇ!”

“ಅದಕ್ಕೇ ಈಗಲೇ ಹೇಳಿದ್ದು.”

ಅವನು ಬಸ್ಸಿನ ಪಕ್ಕದ ಕನ್ನಡಿಯನ್ನು ಅಂಗಿಯ ತೋಳಿನಿಂದ ಒರೆಸತೊಡಗಿದ. ಕನ್ನಡಿ ಮೊದಲೇ ಹೊಳೆಯುತ್ತಿತ್ತು. “ಯಾರ್ಯಾರಿಗೆ ಹೇಳಿ ಆಯ್ತು?”

“ಯಾರಿಗೂ ಇಲ್ಲ. ನಿನಗೇ ಮೊದಲು. ನಿನ್ನ ಭಾವ ಹೇಳಲಾರದೆ ಹೊಟ್ಟೆ ಉಬ್ಬಿ ಕೂತಿದಾರೆ.”

“ರೇಡಿಯೋ ಅತ್ತೆಗೂ ಹೇಳಿಲ್ವಾ?”

“ಅವರಿಗೆ ಹೇಳಿದ್ದಿದ್ರೆ ನಾನು ಇಲ್ಲಿಗೆ ಓಡಿ ಬರಬೇಕಿತ್ತಾ? ಅಷ್ಟು ಹೊತ್ತಿಗೆ ನಿನ್ನ ಕಂಡಕ್ಟರೇ ನಿನಗೆ ಹೇಳ್ತಿದ್ದ.”

ಅವನ ತುಟಿ ಒಂದಿಷ್ಟು ಅಲುಗಿತು. ಆದರೆ ಹೊರಬಿದ್ದದ್ದು ಹಳೆಯ ಮಾತೇ: “ನೋಡೋಣ. ಡ್ಯೂಟಿ ಹೇಗೆ ಬೀಳುತ್ತೋ.” ಅಷ್ಟು ಹೇಳಿ ಆಫೀಸಿನ ಕಡೆ ನಡೆದುಬಿಟ್ಟ.

ಮೈಕಮ್ಮ ಹಿಂದಿರುಗಿ ಕುರ್ಚಿಯಲ್ಲಿ ಕೂತಳು. ಹೊರಡಬೇಕಾದ ಬಸ್ಸೊಂದು ಹಾರ್ನು ಹೊಡೆಯುತ್ತಿತ್ತು. ಮಗಳಿಗೆ ಸಂಜೆ ಏನೆಂದು ಹೇಳುವುದು? ‘ಮಾವ ನೋಡ್ತಾನಂತೆ’ ಎಂದೇ? ಗುಂಡಿಯ ಮೇಲೆ ಬೆರಳಿಟ್ಟಳು. ಆಗ ಪ್ಲೈವುಡ್ ಗೋಡೆಯಾಚೆಯಿಂದ ಡ್ಯೂಟಿ ಹಂಚುವ ಸಾಹೇಬರ ದನಿ ಕೇಳಿತು. ಅಲ್ಲಿ ಸೀನಿದರೆ ಇಲ್ಲಿ ಮೇಜು ಒರೆಸಬೇಕು, ಅಂಥ ಗೋಡೆ ಅದು.

“ಬಾರಯ್ಯ ಸ್ಟೆಪ್ನಿ. ಜನ ಬೇಸಿಗೆಗೆ ಮದುವೆ ಬಸ್ಸುಗಳನ್ನ ಈಗಲೇ ಬಾಡಿಗೆಗೆ ಗೊತ್ತುಮಾಡ್ತಿದಾರೆ. ಎಂದಿನ ಹಾಗೆ ಮೇ ತಿಂಗಳ ಭಾನುವಾರಗಳನ್ನೆಲ್ಲ ನಿನಗೇ ಹಾಕ್ತೀನಿ.”

“ಹಾಕಿ ಸಾರ್. ಎರಡನೇದು ಬಿಟ್ಟು.”

ಸಾಹೇಬರ ಕುರ್ಚಿ ಕಿರುಗುಟ್ಟಿತು. “ಏನಂದೆ?”

“ಎರಡನೇ ಭಾನುವಾರ ನಾನು ಬರಲ್ಲ ಸಾರ್.”

“ನೀನು! ಬರಲ್ಲ! ಮೈ ಸರಿಯಿದೆ ತಾನೇ? ಅಂಥಾದ್ದೇನಯ್ಯ ಇದೆ ಅವತ್ತು?”

“ಇದೆ.”

ಹೊರಗೆ ಹಾರ್ನು ಮತ್ತೆ ಕೂಗಿತು. ಮೈಕಮ್ಮ ಗುಂಡಿಯಿಂದ ಬೆರಳು ತೆಗೆದು ಬಾಯಿಗೆ ಸೆರಗು ಒತ್ತಿಕೊಂಡಳು.

“ಇಷ್ಟು ವರ್ಷಕ್ಕೆ ಒಂದು ಸಲ ಬರಲ್ಲ ಅಂತಿದೀಯ. ಏನು ಅಂತಾದ್ರೂ ಹೇಳಪ್ಪ, ನನ್ನ ಬಾಯಿಂದ ಆಚೆ ಹೋಗಲ್ಲ.”

“ಇಲ್ಲ ಸಾರ್. ಅದನ್ನ ನನಗೊಬ್ಬನಿಗೇ ಹೇಳಿರೋದು. ನಾನು ಹೇಳಲ್ಲ.”